ಕೆನೆ ಕಟ್ಟಿದ ಗಂಜಿ

"ಇನ್ನೊಂದು ತಂಬಿಗೆ ಹುಯ್ಯಮ್ಮ, ಕಾಲ್ ಹತ್ರ ಸೀಗೇಪುಡಿ ಹಂಗೇ ಐತೆ," ಎಂದಳು ರಾಮಕ್ಕ.

ಪದ್ಮಾವತಮ್ಮ ಹಂಡೆಗೆ ತಂಬಿಗೆ ಅದ್ದಿದಳು. ಕಲ್ಯಾಣದುರ್ಗದ ಆ ಪುಟ್ಟ ಮನೆಯ ಹಿತ್ತಲಲ್ಲಿ ನಾಲ್ಕು ಹೆಂಗಸರು ಒಂದು ಹಳೇ ಸೀರೆಯನ್ನು ಮರೆ ಹಿಡಿದು ನಿಂತಿದ್ದರು. ಮರೆಯೊಳಗೆ ಹಲಗೆಯ ಮೇಲೆ ಕದಿರಮ್ಮನನ್ನು ಮಲಗಿಸಿದ್ದರು. ಪದ್ಮಾವತಮ್ಮನಿಗೆ ಅವಳು ಓರಗಿತ್ತಿ, ಗಂಡನ ಅಣ್ಣನ ಹೆಂಡತಿ. ಸುದ್ದಿ ತಿಳಿದು ಹಿಂದೂಪುರದಿಂದ ಮೊದಲ ಬಸ್ಸಿಗೆ ಬಂದವರು ಮೂವರೇ: ಪದ್ಮಾವತಮ್ಮ, ಅವಳ ಗಂಡ ಕೇಶವಯ್ಯ, ಮಗ ಸೀತಾರಾಮಪ್ಪ. ಮನೆಯವರೇ ಮೊದಲು ನೀರು ಹುಯ್ಯಬೇಕೆಂದು ಬಸ್ಸಿಳಿದು ಬಂದವಳ ಕೈಗೇ ತಂಬಿಗೆ ಕೊಟ್ಟಿದ್ದರು.

ತುಂಬಿದ ತಂಬಿಗೆಯನ್ನು ಎತ್ತುವಷ್ಟರಲ್ಲಿ ರಾಮಕ್ಕ ಅವಳ ಮುಂಗೈ ಹಿಡಿದಳು. ಪಕ್ಕದ ಬಾನಿಯಿಂದ ಯಾರೋ ಆಗ ತಾನೇ ಹಂಡೆಗೆ ಬಿಸಿನೀರು ಬೆರೆಸಿದ್ದರು. ರಾಮಕ್ಕ ಮೊಣಕೈವರೆಗೆ ಕೈ ಇಳಿಸಿ, ಹಂಡೆಯ ತಳದವರೆಗೆ ಕಲಕಿ, "ಈಗ ಹುಯ್ಯಿ," ಎಂದಳು.

"ಸತ್ತೋರಿಗೆ ಬಿಸಿ ಏನು, ತಣ್ಣಗೆ ಏನೇ?" ಎಂದಳು ಸೀರೆ ಹಿಡಿದಿದ್ದ ಈರಕ್ಕ.

"ಅಭ್ಯಾಸ ಕಣೇ. ಪೆದ್ದಮ್ಮ ಕಲಿಸಿದ್ದು. ಮೇಲೆ ಮುಟ್ಟಿ ನೋಡಿ ಆರೈತೆ ಅನ್ಕೋಬ್ಯಾಡ್ರೇ, ತಳ ಕಲಕಿ ನೋಡ್ರಿ, ಅನ್ನೋಳು. ಮಕ್ಕಳಿಗೆ ಅಂಬಲಿ ಹಾಕೋಕೆ ಮುಂಚೆ ತಳದಿಂದ ಒಂದು ತೊಟ್ಟು ತೆಗ್ದು ತನ್ನ ಕೆನ್ನೆಗೆ ಒತ್ತಿ ನೋಡ್ಕೊಳ್ಳೋಳು. ಹದಿನೆಂಟು ವರ್ಷ ಒಂದಿನ ತಪ್ಪಿಸ್ಲಿಲ್ಲ, ಪಾಪಂ."

ಪದ್ಮಾವತಮ್ಮ ಹುಯ್ದ ನೀರು ಅರ್ಧ ಅವಳ ಕಾಲ ಮೇಲೆಯೇ ಬಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವಳು ಸುತ್ತ ನಿಂತವರ ಮುಖ ನೋಡಿದಳು. ಯಾರ ಮುಖದಲ್ಲೂ ಏನೂ ಇರಲಿಲ್ಲ. ಅವರೆಲ್ಲ ಕಡಲೆಕಾಯಿ ಮಿಲ್ಲಿನ ಹೆಂಗಸರು. ಬೆಳಗಿನ ಸೈರನ್ನಿಗೆ ಮಕ್ಕಳನ್ನು ಈ ಮನೆಯ ಜಗಲಿಗೆ ತಂದು ಬಿಟ್ಟು, ಸಂಜೆಯ ಸೈರನ್ನಿಗೆ ಕರೆದುಕೊಂಡು ಹೋಗುತ್ತಿದ್ದವರು. ಕದಿರಮ್ಮ ಅವರ ಬಾಯಲ್ಲಿ ಪೆದ್ದಮ್ಮ, ತೆಲುಗಿನ ದೊಡ್ಡಮ್ಮ. ಹಿಂದೂಪುರದ ಮನೆಯಲ್ಲಿ ಏನು ನಡೆದಿತ್ತು ಎಂಬುದನ್ನು ಆಕೆ ಇವರ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ಮೈ ಒರೆಸಿ, ಹೊಸ ಸೀರೆ ಉಡಿಸಿ, ಹೆಣವನ್ನು ಮುಂಬಾಗಿಲಿಗೆ ತಂದು ಚಟ್ಟದ ಮೇಲೆ ಮಲಗಿಸಿದರು. ಕುಲದ ಹಿರಿಯ ಮುತ್ಯಾಲಪ್ಪ ತಟ್ಟೆಯಲ್ಲಿ ಅಕ್ಕಿ ಹಿಡಿದು ನಿಂತಿದ್ದ. ಬಿಸಿಲು ಆಗಲೇ ಬೀದಿಯ ಆ ಬದಿ ದಾಟಿ ಈ ಬದಿಗೆ ಬಂದಿತ್ತು.

"ಗುಂಡಿ ತೆಗ್ದು ಆಗೈತೆ, ಹೊತ್ತು ಮಾಡಬ್ಯಾಡ್ರಿ," ಎಂದ ಮುತ್ಯಾಲಪ್ಪ. "ಹೊಟ್ಟೇಲಿ ಹುಟ್ಟಿದೋರು ಇಲ್ಲ ಅಂದ್ರೆ ಮನೆ ಹಿರೀ ಮಗ ಮುಂದೆ ನಿಲ್ಬೇಕು. ಬಾರಪ್ಪ ಸೀತಾರಾಮ. ಬಾಯಿಗೆ ಅಕ್ಕಿ ಹಾಕು. ಅಲ್ಲೂ ಮೊದಲ್ನೇ ಹಿಡಿ ಮಣ್ಣು ನಿಂದೇ, ಆಮ್ಯಾಲೆ ಮಿಕ್ಕೋರು."

ಸೀತಾರಾಮಪ್ಪ ಎದುರು ಮನೆಯ ಗೋಡೆಗೆ ಒರಗಿ ನಿಂತಿದ್ದ. ಅಪ್ಪನ ಒತ್ತಾಯಕ್ಕೆ ಬಂದವನು. ಬಂದಾಗಿನಿಂದ ಒಳಗೆ ಕಾಲಿಟ್ಟಿರಲಿಲ್ಲ.

"ನಾನು ಹಾಕಲ್ಲ ತಾತ."

"ಯಾಕ್ಲಾ?"

ಅವನು ಅಂಗಿಯ ಬಲತೋಳನ್ನು ಮೇಲಕ್ಕೆ ಸರಿಸಿದ. ಮೊಣಕೈಯಿಂದ ಕೆಳಗೆ ಚರ್ಮ ಹಿಂಡಿಟ್ಟ ಬಟ್ಟೆಯ ಹಾಗೆ ಸುಕ್ಕುಗಟ್ಟಿತ್ತು. ಕಿರುಬೆರಳು, ಉಂಗುರದ ಬೆರಳು ಒಂದಕ್ಕೊಂದು ಅಂಟಿಕೊಂಡು ಒಂದೇ ಆಗಿದ್ದವು.

"ಈ ಕೈಲಿ ಹಾಕ್ಬೇಕಾ? ಎರಡೂವರೆ ವರ್ಷದ ಮಗೂನ ನೋಡ್ಕೊ ಅಂತ ಬಿಟ್ರೆ ಸುಡೋ ಗಂಜಿಗೆ ಬಿಟ್ಟೋಳು ಆಯಮ್ಮ. ನಮ್ಮ ತಾತ ಮುತ್ತಾತ ಎಲ್ಲ ಮಗ್ಗದೋರು. ನಾನು ಲಾಳಿ ಹಿಡಿಯೋಕಾಗ್ದೆ ಇನ್ನೊಬ್ರ ಅಂಗಡೀಲಿ ಎಡಗೈಲಿ ಬಟ್ಟೆ ಕತ್ತರಿಸ್ತೀನಿ. ಅಪ್ಪನೇ ಹಾಕ್ಲಿ."

ಜಗಲಿಯ ಮೇಲಿದ್ದ ಮಿಲ್ಲಿನ ಹೆಂಗಸರು ಅವನ ಕಡೆ ತಿರುಗಿದರು.

"ಏನಂದೆ ನಾಯನಾ?" ರಾಮಕ್ಕ ಎದ್ದು ನಿಂತಳು. "ನನ್ನ ಮೂರು ಮಕ್ಕಳ್ನ ಆಯಮ್ಮನೇ ಸಾಕಿದ್ದು. ಒಂದಿನ ಒಂದು ತರಚು ಗಾಯ ಆಗ್ಲಿಲ್ಲ. ಒಲೆಮುಂದಕ್ಕೆ ಬರ್ದಂಗೆ ಅಡ್ಡ ಹಲಗೆ ಕಟ್ಟಿದ್ಲು ಕಣಪ್ಪ."

"ನಿಮ್ಮ ಮಕ್ಕಳ ಪುಣ್ಯ."

"ಬಲವಂತ ಬ್ಯಾಡ ಬಿಡಣ್ಣ," ಎಂದ ಕೇಶವಯ್ಯ, ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ. "ಅವನ ನೋವು ಅವನಿಗೆ."

ರಾಮಕ್ಕ ಸೀತಾರಾಮಪ್ಪನನ್ನೇ ನೋಡಿದಳು. "ನೀನೇನಾ ಸೀತಾರಾಮ," ಎಂದಳು. "ಮೊನ್ನೆ ಉಸಿರು ಕಟ್ಟಿದಾಗ ಹೇಳಿದ್ಲು. ನಮ್ಮ ಸೀತಾರಾಮ ಬಂದ್ರೆ ಬರ್ಲಿ, ಬರ್ಲಿಲ್ಲ ಅಂದ್ರೆ ಅವನ್ನ ಯಾರೂ ಏನೂ ಅನ್ಬ್ಯಾಡ್ರಿ ಅಂತ. ಯಾರೋ ಏನೋ ಅನ್ಕೊಂಡಿದ್ವಿ."

ಪದ್ಮಾವತಮ್ಮ ಹೊಸ್ತಿಲಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಂಡಳು. ಮಗ ಹೇಳಿದ್ದು ಸುಳ್ಳು ಎಂದು ಬಲ್ಲವರು ಇಬ್ಬರೇ. ಅದರಲ್ಲಿ ಒಬ್ಬಳು ಎದುರಿಗೇ ಹಣೆ ತುಂಬ ವಿಭೂತಿ ಹಚ್ಚಿಸಿಕೊಂಡು ಮಲಗಿದ್ದಾಳೆ. ಇನ್ನೊಬ್ಬಳು ತಾನು. ಬಾಯಿ ಬಿಟ್ಟರೆ ಮಗ ಕೈ ಬಿಟ್ಟುಹೋಗುತ್ತಾನೆ. ಬಾಯಿ ಬಿಡದಿದ್ದರೆ, ಆ ಅಪವಾದವನ್ನು ಹೊತ್ತುಕೊಂಡೇ ಕದಿರಮ್ಮ ಮಣ್ಣಿಗೆ ಇಳಿಯುತ್ತಾಳೆ. ಅತ್ತ ದರಿ, ಇತ್ತ ಪುಲಿ. ಇಪ್ಪತ್ತೊಂದು ವರ್ಷ ಎರಡರ ನಡುವೆ ಹೇಗೋ ಜಾಗ ಮಾಡಿಕೊಂಡು ಬದುಕಿದ್ದಳು. ಇವತ್ತು ಆ ಜಾಗವಿರಲಿಲ್ಲ.

*

ಹಿಂದೂಪುರದ ಮನೆಯಲ್ಲಿ ಆಗ ಒಂದೇ ಗುಂಡಿ ಮಗ್ಗ, ನೆಲದ ಗುಂಡಿಗೆ ಕಾಲಿಳಿಸಿ ಕೂತು ನೇಯುವಂಥದ್ದು. ಪದ್ಮಾವತಮ್ಮನ ಕೈ ಸಣ್ಣ ಕೆಲಸಕ್ಕೆ ಹದವಾದ ಕೈ. ಕದಿರಮ್ಮನಿಗೆ ಮದುವೆಯಾಗಿ ಒಂಬತ್ತು ವರ್ಷವಾದರೂ ಮಕ್ಕಳಿಲ್ಲ. ಅತ್ತೆ ಲೆಕ್ಕಾಚಾರದ ಹೆಂಗಸು. ಸೀತಾರಾಮ ಹುಟ್ಟಿದ್ದೇ ಹೆತ್ತವಳು ಮಗ್ಗಕ್ಕೆ, ಹೆರದವಳು ತೊಟ್ಟಿಲಿಗೆ ಎಂದು ಹಂಚಿಬಿಟ್ಟಳು.

ಹಂಚಿಕೆ ಕದಿರಮ್ಮನಿಗೆ ಸ್ವರ್ಗವಾಯಿತು. ಬೆಳಿಗ್ಗೆ ಕಾಲು ಚಾಚಿ, ಕಾಲ ಮೇಲೆ ಕೂಸನ್ನು ಬೋರಲು ಹಾಕಿಕೊಂಡು ಎರೆಯುವಳು. ಮೂಗು ತೀಡುವಳು, ತಲೆ ಗುಂಡಗಾಗಲೆಂದು ಅಂಗೈಯಲ್ಲಿ ಒತ್ತುವಳು. ಹಿತ್ತಲಿಗೆ ಎತ್ತಿಕೊಂಡು ಹೋಗಿ ಕಾಗೆಗೊಂದು ತುತ್ತು, ಎಮ್ಮೆಗೊಂದು ತುತ್ತು ಅನ್ನುತ್ತ ಮೂರನೆಯದನ್ನು ಅವನ ಬಾಯಿಗೆ ಜಾರಿಸುವಳು. ಮಧ್ಯಾಹ್ನ ಬಲಗೈಯಲ್ಲಿ ರಾಟೆ ತಿರುಗಿಸಿ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುತ್ತ, ಎಡಗಾಲಲ್ಲಿ ತೊಟ್ಟಿಲು ತೂಗುವಳು. ಮಗು ಮಗ್ಗದ ಸದ್ದಿಗೆ ಎಷ್ಟು ಒಗ್ಗಿಕೊಂಡಿತ್ತೆಂದರೆ, ಎಳೆ ಕಡಿದು ಮಗ್ಗ ನಿಂತರೆ ಕಣ್ಣು ಬಿಡುತ್ತಿತ್ತು.

"ತಂಗಿ, ಎಳೆ ಆಮ್ಯಾಲೆ ಕಟ್ಟು. ಸುಮ್ನೆ ಕಾಲಾದ್ರೂ ಆಡಿಸು, ಮಗ ಎದ್ಬುಡ್ತಾನೆ," ಎಂದು ಕದಿರಮ್ಮ ಪಿಸುಗುಟ್ಟುವಳು. ಪದ್ಮಾವತಮ್ಮ ನೂಲಿಲ್ಲದ ಲಾಳಿಯನ್ನು ಅತ್ತಿಂದಿತ್ತ ಓಡಿಸುತ್ತ ಬರಿ ಮಗ್ಗ ನೇಯುವಳು. ಇಬ್ಬರಿಗೂ ನಗು ತಡೆಯಲಾಗುತ್ತಿರಲಿಲ್ಲ.

ಸಂಜೆ ಗುಂಡಿಯಿಂದ ಎದ್ದು, ಸೊಂಟ ಹಿಡಿದುಕೊಂಡು, ಅವಳು ಮಗನನ್ನು ಎತ್ತಿಕೊಳ್ಳುತ್ತಿದ್ದಳು. ಅವನು ಅಮ್ಮನ ತಾಳಿಯ ಜೊತೆ ಆಡುವನು, ಸ್ವಲ್ಪ ಹೊತ್ತಿಗೆ ಕತ್ತು ತಿರುಗಿಸಿ "ಡಮ್ಮ?" ಎನ್ನುವನು. ದೊಡ್ಡಮ್ಮ ಅನ್ನಲು ಬಾಯಿ ತಿರುಗುತ್ತಿರಲಿಲ್ಲ. "ಹೆತ್ತೋರಿಗೆ ಹೆಗ್ಗಣ ಮುದ್ದು ಅಂತಾರೆ, ಇಲ್ಲಿ ಹೆರದೋಳಿಗೇ ಜಾಸ್ತಿ ಮುದ್ದು ಕಣಮ್ಮ," ಎಂದು ಬೀದಿಯವರು ತಮಾಷೆ ಮಾಡಿದರೆ ಪದ್ಮಾವತಮ್ಮನೂ ನಗುತ್ತಿದ್ದಳು.

*

ಅವತ್ತು ಮಗ್ಗದ ಉದ್ದಕ್ಕೆ ಹಾಸುವ ನೂಲಿಗೆ, ಗಟ್ಟಿಯಾಗಲೆಂದು, ಗಂಜಿ ಹಿಡಿಸುವ ದಿನ. ಕೇಶವಯ್ಯ ಅಣ್ಣನ ಜೊತೆ ಸೇರಿ ಬೀದಿಯುದ್ದಕ್ಕೂ ಎಳೆಗಳನ್ನು ಬಿಗಿದು ಕಟ್ಟುತ್ತಿದ್ದ. ಪದ್ಮಾವತಮ್ಮ ಗಂಜಿ ಕಾಯಿಸಿ, ಗಂಡ ಕೂಗಿದ ತಕ್ಷಣ ಕೊಡಲು ಕೈಗೆ ಸಿಗಲೆಂದು ಮಣ್ಣಿನ ಬಾನಿಯನ್ನು ಮಗ್ಗದ ಪಕ್ಕಕ್ಕೆ ತಂದಿಟ್ಟಳು. ಗಂಜಿಯ ಗುಣ ನೇಕಾರರ ಮನೆಯ ಎಲ್ಲರಿಗೂ ಗೊತ್ತು. ಮೇಲೆ ಬೇಗ ಆರಿ ಕೆನೆ ಕಟ್ಟುತ್ತದೆ, ಒಳಗೆ ಹೊತ್ತಾದರೂ ಸುಡುತ್ತಲೇ ಇರುತ್ತದೆ. ಅವಳಿಗೂ ಗೊತ್ತಿತ್ತು. ಆದರೆ ಮಗ್ಗದ ಮೇಲಿನ ಸೀರೆಯ ಸೆರಗು ಇನ್ನು ಅರ್ಧ ಮೊಳ ಉಳಿದಿತ್ತು. ಮನಸ್ಸೆಲ್ಲ ಅಲ್ಲೇ. ಕೆನೆಯ ಮೇಲೆ ಬೆರಳಿಟ್ಟಳು, ತಣ್ಣಗಿತ್ತು. ಸರಿ ಎಂದು ಗುಂಡಿಗೆ ಕಾಲಿಳಿಸಿದಳು.

"ತಂಗಿ, ಬಟ್ಟೆ ಒಣಗಾಕಿ ಬತ್ತೀನಿ. ಮಗ ನಿನ್ನ ಹತ್ರ ಅವನೆ, ನೋಡ್ಕೊ," ಎಂದು ಕದಿರಮ್ಮ ಕೂಗಿದಳು.

"ಹೂಂ, ಹೋಗಕ್ಕ."

ಮಗು ಅಪ್ಪ ಬೀದಿಯಲ್ಲಿ ಕುಂಚಕ್ಕೆ ಗಂಜಿ ಅದ್ದಿ ನೂಲಿಗೆ ಸವರುವುದನ್ನು ಎಷ್ಟೋ ಸಲ ನೋಡಿತ್ತು. ತಾನೂ ಸವರಬೇಕು. ಮೊಣಕೈವರೆಗೆ ಕೈ ಅದ್ದಿತು.

ಗುಂಡಿ ಮಗ್ಗದಿಂದ ದಡಕ್ಕನೆ ಏಳಲು ಬರುವುದಿಲ್ಲ. ಬಟ್ಟೆ ಸುತ್ತುವ ಮರ ತೊಡೆಗೆ ತಾಗಿಕೊಂಡು ಅಡ್ಡವಿರುತ್ತದೆ, ಪಕ್ಕಕ್ಕೆ ಸರಿದೇ ಬರಬೇಕು. ಅವಳು ಸರಿಯುವಷ್ಟರಲ್ಲಿ ಹಿತ್ತಲಿಂದ ಕದಿರಮ್ಮ ಓಡಿ ಬಂದು, ಮಗುವನ್ನೆತ್ತಿ, ಕೈಯನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿದ್ದಳು. ಪದ್ಮಾವತಮ್ಮ ಬಂದವಳೇ ಮಗನನ್ನು ಕಿತ್ತುಕೊಂಡು ಎದೆಗೆ ಅವುಚಿಕೊಂಡಳು. ಆ ಹೊತ್ತಿಗೆ ಬೀದಿಯಿಂದ ಅತ್ತೆ, ಅತ್ತೆಯ ಹಿಂದೆ ಅರ್ಧ ಬೀದಿ.

"ಯಾರೇ ಮಗೂನ ನೋಡ್ಕೊಂತಿದ್ದೋರು?"

"ಅಕ್ಕ ಕಣತ್ತೆ," ಎಂದಳು ಪದ್ಮಾವತಮ್ಮ. "ಅಕ್ಕನ ಹತ್ರ ಬಿಟ್ಟು ಮಗ್ಗಕ್ಕೆ ಕುಂತಿದ್ದೆ."

ಕದಿರಮ್ಮ ತಲೆಯೆತ್ತಿ ಅವಳನ್ನು ನೋಡಿದಳು. ಕೈಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಒಂದು ಗಳಿಗೆ ಅಷ್ಟೇ. ಆಮೇಲೆ, "ಹೂಂ ಕಣತ್ತೆ. ನಂದೇ ತಪ್ಪು," ಎಂದಳು.

ಅತ್ತೆಗೆ ಹೆದರಿ ಹಾಗೆ ಹೇಳಿದೆ ಎಂದು ಪದ್ಮಾವತಮ್ಮ ಇಷ್ಟು ವರ್ಷ ತನಗೆ ತಾನೇ ಹೇಳಿಕೊಂಡಿದ್ದಳು. ಮಗನನ್ನು ಆಸ್ಪತ್ರೆಯಿಂದ ಮನೆಗೆ ತಂದ ದಿನ ನಿಜ ಹೇಳುತ್ತೇನೆ ಅಂದುಕೊಂಡಳು, ಹೇಳಲಿಲ್ಲ. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗುತ್ತದೆಯೇ? ಬಂಜೆಯ ಕಣ್ಣು ಎಂದರು, ಹೊಟ್ಟೆಕಿಚ್ಚು ಎಂದರು. ಅತ್ತೆ ಮಗುವನ್ನು ಕದಿರಮ್ಮನ ನೆರಳಿಗೂ ಬಿಡಲಿಲ್ಲ. ಬೀದಿಯಲ್ಲಿ ಅವಳನ್ನು ಕಂಡರೆ ಬಾಣಂತಿಯರು ಕೂಸಿಗೆ ಸೆರಗು ಮುಚ್ಚುತ್ತಿದ್ದರು. ಮೂರನೆಯ ವರ್ಷ ಭಾವ ಹೆಂಡತಿಯನ್ನು ಕರೆದುಕೊಂಡು ಕಲ್ಯಾಣದುರ್ಗಕ್ಕೆ ಹೊರಟುಹೋದರು.

ಭಾವ ತೀರಿಕೊಂಡಾಗ ಒಮ್ಮೆ ಮಾತ್ರ ಪದ್ಮಾವತಮ್ಮ ಇಲ್ಲಿಗೆ ಬಂದಿದ್ದಳು. ಕುಂಕುಮವಿಲ್ಲದ ಹಣೆಯಲ್ಲಿ ಕುಳಿತ ಕದಿರಮ್ಮ ಕೇಳಿದ್ದು ಒಂದೇ ಮಾತು: "ಅವನು ಅನ್ನ ಕಲಸ್ಕೊಂಡು ತಿಂತಾನಾ? ಕೈ ಆಡ್ತದಾ?" ಕಾಲಿಗೆ ಬೀಳಬೇಕೆನಿಸಿತು. ಬಸ್ಸಿಗೆ ಹೊತ್ತಾಯಿತು ಎಂದು ಕೇಶವಯ್ಯ ಕೂಗಿದ. ಬಸ್ಸಿನ ನೆಪ ಸಿಕ್ಕಿದ್ದೇ ಸಾಕೆಂದು ಎದ್ದು ಬಂದಿದ್ದಳು. ಅದನ್ನು ನೆನೆದರೆ ಈಗಲೂ ಅವಳಿಗೆ ತನ್ನ ಮೇಲೆ ಹೇಸಿಗೆಯಾಗುತ್ತದೆ.

*

"ಸೀತಾರಾಮ, ಇಲ್ಲಿ ಬಾ."

ಅವನು ಅಮ್ಮನ ಹಿಂದೆ ಹಿತ್ತಲಿಗೆ ಬಂದ. ಮೈ ತೊಳೆದ ನೀರು ಇನ್ನೂ ಇಂಗಿರಲಿಲ್ಲ. ಅವನು ಪಂಚೆ ಎತ್ತಿಕಟ್ಟಿಕೊಂಡು ಒಣಗಿದ ಕಡೆ ನಿಂತ.

"ನನ್ನ ಒಪ್ಪಿಸ್ಬೇಡಮ್ಮ. ನಾನು ಹಾಕಲ್ಲ ಅಂದ್ರೆ ಹಾಕಲ್ಲ."

"ಗಂಜಿ ಬಾನಿ ಅಲ್ಲಿ ಇಟ್ಟೋಳು ನಾನು ಕಣಪ್ಪ."

ಅವನಿಗೆ ಅರ್ಥವಾಗಲಿಲ್ಲ.

"ಅಕ್ಕ ಬಟ್ಟೆ ಒಣಗಾಕೋಕೆ ಹೋಗಿದ್ಲು. ನೋಡ್ಕೊ ಅಂತ ನನಗೆ ಹೇಳೇ ಹೋದ್ಲು. ನಾನು ಹೂಂ ಅಂದಿದ್ದೆ. ಸೆರಗು ಮುಗಿಸೋ ಆತುರದಾಗೆ ನಿನ್ನ ಕಡೆ ನೋಡ್ಲಿಲ್ಲ. ನಿಮ್ಮಜ್ಜಿ ಕೇಳ್ದಾಗ ಅಕ್ಕನ ಮೇಲೆ ಹಾಕ್ಬುಟ್ಟೆ."

ಹೇಳುವಾಗ ತನ್ನ ದನಿ ಇಷ್ಟು ಸಪ್ಪಗಿರುತ್ತದೆ ಎಂದು ಅವಳು ಎಣಿಸಿರಲಿಲ್ಲ. ಇಪ್ಪತ್ತೊಂದು ವರ್ಷ ಗಂಟಲಲ್ಲಿ ಕೂತಿದ್ದು ನಾಲ್ಕು ಮಾತಿಗೆ ಮುಗಿದೇ ಹೋಗಿತ್ತು. ಮಗ ಅಂಟಿದ ಬೆರಳುಗಳನ್ನು ಎಡಗೈಯಿಂದ ತಿಕ್ಕುತ್ತ ನಿಂತಿದ್ದ.

"ಆಯಮ್ಮ ಯಾಕೆ ಸುಮ್ನಿದ್ಲು?"

"ಗೊತ್ತಿಲ್ಲಪ್ಪ. ನಾನು ಕೇಳ್ಲಿಲ್ಲ."

"ಅಪ್ಪಂಗೆ ಗೊತ್ತಾ?"

"ಇಲ್ಲ."

ಬೈದರೆ ಸಾಕು, ಕೈ ಎತ್ತಿದರೂ ಸಾಕು ಎಂದುಕೊಂಡಳು.

"ಇಲ್ಲಿ ಹೇಳಿದ್ರೆ ಏನು ಬಂತು," ಎಂದ ಅವನು. "ನಾನು ಅಲ್ಲಿ ಎಲ್ರ ಮುಂದೆ ಆಯಮ್ಮನ್ನ ಅಂದ್ಬುಟ್ಟೆ. ನೀನೂ ಅಲ್ಲೇ ಹೇಳು."

ಹಿತ್ತಲಿಂದ ಮುಂಬಾಗಿಲಿಗೆ ಹದಿನೈದು ಹೆಜ್ಜೆ. ಅವಳು ಗೋಡೆ ಹಿಡಿದುಕೊಂಡು ನಡೆದಳು. ಚಟ್ಟದ ತಲೆಯ ಬಳಿ ನಿಂತು, ಗಂಡನ ಮುಖ ನೋಡದೆ, ಮುತ್ಯಾಲಪ್ಪನ ಕೈಯಲ್ಲಿದ್ದ ಅಕ್ಕಿಯ ತಟ್ಟೆಯನ್ನೇ ನೋಡುತ್ತ, ಹಿತ್ತಲಲ್ಲಿ ಆಡಿದ ಮಾತುಗಳನ್ನೇ ಮತ್ತೆ ಆಡಿದಳು. ಎರಡನೆಯ ಸಲ ಹೇಳುವುದು ಸುಲಭ ಎನ್ನುವವರು ಗಂಡ, ಮಗ, ಹತ್ತಾರು ಹೆಂಗಸರ ಎದುರು ಹೇಳಿದವರಲ್ಲ. ನಡುವೆ ಒಮ್ಮೆ ನಿಂತಳು. ಯಾರೂ ಅವಳ ನೆರವಿಗೆ ಬರಲಿಲ್ಲ.

ಕೇಶವಯ್ಯ ಟವೆಲನ್ನು ಹೆಗಲಿನಿಂದ ತೆಗೆದು ಮಡಚಿ, ಮತ್ತೆ ಬಿಡಿಸಿ, ತಲೆಗೆ ಸುತ್ತಿಕೊಂಡ. "ಇದೇ ಬಾಯಲ್ಲಿ ನಾನು ಅತ್ತಿಗೇನ ಬಂಜೆ ಅಂದಿದ್ದೆ," ಎಂದ, ಮುತ್ಯಾಲಪ್ಪನ ಕಡೆ ತಿರುಗಿ. ಚಟ್ಟದ ಮುಂದಿನ ಬಲತುದಿಗೆ ಹೋಗಿ ಬಗ್ಗಿ ನಿಂತ.

ರಾಮಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. "ದಿನಾ ತಳ ಕಲಕೋಳಲ್ಲಮ್ಮ," ಎಂದಳು. "ತಾನು ಮಾಡ್ದೇ ಇದ್ದಿದ್ದಕ್ಕೆ."

ಸೀತಾರಾಮಪ್ಪ ತಟ್ಟೆಯಿಂದ ಅಕ್ಕಿ ತೆಗೆದುಕೊಂಡ. ಬೆರಳು ಪೂರ್ತಿ ಮಡಚದೆ ಅರ್ಧ ಅಕ್ಕಿ ಸಂದಿಯಿಂದ ಸೋರಿತು. ಉಳಿದದ್ದನ್ನು ಕದಿರಮ್ಮನ ತುಟಿಯ ಮೇಲೆ ಇಟ್ಟು, ಜಾರಿದ ಒಂದು ಕಾಳನ್ನು ಮತ್ತೆ ಎತ್ತಿ ಬಾಯೊಳಗೆ ಸೇರಿಸಿದ.

"ಹೊತ್ತಾಯ್ತು, ಎತ್ರಪ್ಪಾ," ಎಂದ ಮುತ್ಯಾಲಪ್ಪ.

*

ಹೆಂಗಸರು ಬೀದಿಯ ತಿರುವಿನವರೆಗೆ ಹೋಗಿ ಹಿಂದಕ್ಕೆ ಬರುವುದು ಪದ್ಧತಿ. ಬಂದ ಮೇಲೆ ಮಿಲ್ಲಿನವರು ಮನೆ ಸಾರಿಸಿದರು, ಮೂಲೆಯಲ್ಲಿ ದೀಪ ಹಚ್ಚಿದರು. ಪದ್ಮಾವತಮ್ಮ ಪೊರಕೆಗೆ ಕೈ ಹಾಕಿದರೆ ಈರಕ್ಕ, "ನೀನು ಕುಂತ್ಕೋಮ್ಮ," ಎಂದು ತೆಗೆದುಕೊಂಡಳು. ಮರ್ಯಾದೆಯ ಮಾತೇ. ಆದರೂ ಅವಳು ಕೂತ ಜಗಲಿಯ ಕಡೆ ಆಮೇಲೆ ಯಾರೂ ಬರಲಿಲ್ಲ.

ಗಂಡಸರು ಮಿಂದು ವಾಪಸು ಬರುವಾಗ ಬಿಸಿಲು ಇಳಿದಿತ್ತು. ಕೇಶವಯ್ಯ ನೇರ ಒಳಗೆ ಹೋಗಿ ದೀಪ ನೋಡಿ, ಹಿತ್ತಲ ಬಾಗಿಲಲ್ಲಿ ಹೋಗಿ ಕುಳಿತ.

"ಮಣ್ಣು ಹಾಕ್ದ ಕಣಮ್ಮ ನಿನ್ನ ಮಗ," ಎಂದ ಮುತ್ಯಾಲಪ್ಪ. "ಒಂದು ಹಿಡಿ ಅಂದ್ರೆ ಕೇಳ್ಲಿಲ್ಲ. ಸಲಿಕೆ ಬ್ಯಾಡ ಅಂತ ಕೈಲೇ ಎಳ್ದು ಎಳ್ದು ಹಾಕ್ತಿದ್ದ. ನಾವೇ ಹಿಡ್ದು ಎಬ್ಬಿಸಿದ್ವಿ."

ಸೀತಾರಾಮಪ್ಪ ಒದ್ದೆ ಪಂಚೆಯಲ್ಲೇ ಜಗಲಿಯ ಇನ್ನೊಂದು ತುದಿಯಲ್ಲಿ ಕುಳಿತ. ಇಬ್ಬರ ನಡುವೆ ಮೂರು ಆಳು ಕೂರುವಷ್ಟು ಜಾಗವಿತ್ತು. ಹಿಂದೂಪುರದ ಕೊನೆಯ ಬಸ್ಸಿಗೆ ಇನ್ನೂ ಒಂದು ಗಂಟೆ.

"ಅಜ್ಜಿಗೆ ಹೆದ್ರಿ ಹೇಳ್ದೆ, ಅಲ್ವಾ?" ಎಂದ ಅವನು.

"ಹೂಂ."

"ಅಜ್ಜಿ ಸತ್ತು ಹನ್ನೆರಡು ವರ್ಷ ಆಯ್ತಲ್ಲಮ್ಮ."

ಬೀದಿಯಲ್ಲಿ ಮಿಲ್ಲಿನ ಹೆಂಗಸೊಬ್ಬಳು ತನ್ನ ಮಗುವನ್ನು ಎತ್ತಿಕೊಂಡು ಮನೆಗೆ ಹೋಗುತ್ತಿದ್ದಳು. ಅವಳು ತಿರುವು ದಾಟುವವರೆಗೂ ಪದ್ಮಾವತಮ್ಮ ನೋಡಿದಳು.

"ಹೆದರಿಕೆ ಅಲ್ಲ ಕಣಪ್ಪ," ಎಂದಳು. "ನೀನು ಅಕ್ಕನ ತೋಳಲ್ಲಿ ಇದ್ದೆ. ನಾನು ಗುಂಡಿಯಿಂದ ಎದ್ದು ಬಂದು ಕಿತ್ಕೊಂಡೆ. ಎದೆಗೆ ಒತ್ಕೊಂಡೆ. ನೀನು ನಿಲ್ಲಲಿಲ್ಲ. ನನ್ನ ಎದೆಗೆ ಕಾಲು ಕೊಟ್ಟು ಒದ್ದು, ಅವಳ ಕಡೆ ಬಾಗಿ, ಡಮ್ಮಾ ಡಮ್ಮಾ ಅಂತ ಚರ್ಮ ಸುಲಿದಿದ್ದ ಆ ಕೈಯನ್ನೇ ಚಾಚ್ದೆ. ನಾನು ಎಷ್ಟು ಬಿಗಿಯಾಗಿ ಹಿಡ್ಕೊಂಡ್ರೂ ಚಾಚ್ತಾನೇ ಇದ್ದೆ. ಯಾರೇ ನೋಡ್ಕೊಂತಿದ್ದೋರು ಅಂತ ಅತ್ತೆ ಕೇಳಿದ್ದು ಆಗ."